ಗಂಟಲು ನೋಡುವ ಚಂದ್ರಶೇಖರಪ್ಪ

ಚಂದ್ರಶೇಖರಪ್ಪನವರು ವೈನು ಕುಡಿಯುವವರ ಮುಖ ನೋಡುವುದಿಲ್ಲ, ಗಂಟಲು ನೋಡುತ್ತಾರೆ. ಗುಟುಕು ಸಲೀಸಾಗಿ ಇಳಿಯಿತೋ, ಅರೆಗಳಿಗೆ ತಡೆಯಿತೋ ಎಂಬುದರಲ್ಲೇ ಅವರ ಸಮಸ್ತ ಪ್ರಾಣ ನೆಟ್ಟಿರುತ್ತದೆ. ಏಕೆಂದರೆ ಜಾವಳಿಯ ಬಳಿಯ ಕಿತ್ತಳೆ ತೋಟದಲ್ಲಿ ಮೂರು ತಲೆಮಾರಿನಿಂದ ವೈನು ಮಾಡುತ್ತ ಬಂದ ಈ ಲಿಂಗವಂತರ ಮನೆಯಲ್ಲಿ ಗಂಡಸರು ಅದನ್ನು ನಾಲಿಗೆಗೆ ಮುಟ್ಟಿಸುವಂತಿಲ್ಲ. ಅಜ್ಜ ಹಾಕಿದ ಕಟ್ಟು ಅದು: ಮಾರಬಹುದು, ಸವಿಯಬಾರದು. ಅಜ್ಜನೂ ಅಪ್ಪನೂ ರುಚಿ ನೋಡುವ ಪಾಪವನ್ನು ಕೂಲಿಯಾಳುಗಳ ನಾಲಿಗೆಗೆ ದಾಟಿಸಿ, ತಾವು ವಿಭೂತಿ ಧರಿಸಿ ನೆಮ್ಮದಿಯಾಗಿದ್ದರು.

ಇವರ ಕಾಲಕ್ಕೆ ಹೆಂಡತಿ ಪ್ರೇಮಕುಮಾರಿ ಆ ಕೆಲಸವನ್ನು ತಾವಾಗಿಯೇ ವಹಿಸಿಕೊಂಡರು. ಭರಣಿಗೆ ಬೆರಳದ್ದಿ ನೆಕ್ಕಿ, ಚೆನ್ನಾಗಿದ್ದರೆ ಸುಮ್ಮನೆ ಒಳಗೆ ಹೋಗುತ್ತಿದ್ದರು, ಕೆಟ್ಟಿದ್ದರೆ "ಥೂ, ಚೆಲ್ರೀ ಅತ್ಲಾಗೆ!" ಎಂಬ ಕೂಗು ಕಾಫಿ ಕಣದವರೆಗೂ ಕೇಳುತ್ತಿತ್ತು. ಆಕೆ ಹೊಗಳಿದ್ದನ್ನು ಯಾರೂ ಕೇಳಿಲ್ಲ.

ಆಕೆ ತೀರಿಕೊಂಡ ಮೇಲೆ ಮೊದಲ ಸಲ ಮೊನ್ನೆ ಅವರ ತೋಟಕ್ಕೆ ಹೋಗಿದ್ದೆ, ಮೂಡಿಗೆರೆಯಲ್ಲಿ ಆನೆ ಹಾವಳಿಯ ಧರಣಿ ಮುಗಿಸಿಕೊಂಡು. ಭರಣಿಗಳ ಸಾಲಿನ ನಡುವೆ ನುಸುಳಿ ನುಸುಳಿ ಬಯಲಲ್ಲೂ ಓರೆಯಾಗಿಯೇ ನಡೆಯುವ ಚಂದ್ರಶೇಖರಪ್ಪನವರ ಆ ದೇಹ, ಮೊಣಕೈ ಸವೆದ ಖಾಕಿ ಕೋಟು, ಜೇಬಿನೊಳಗೆ ಬಿರಡೆಗಳನ್ನು ಉರುಳಿಸುತ್ತಲೇ ಇರುವ ಬೆರಳು, ಎಲ್ಲ ಹಾಗೇ ಇದ್ದವು. ಹೋಂಸ್ಟೇಯಿಂದ ಬಂದಿದ್ದ ಪ್ರವಾಸಿಗರು ಗ್ಲಾಸು ಎತ್ತಿ, "ಸೂಪರ್ ಅಂಕಲ್!" ಎಂದು, ಫೋಟೊ ತೆಗೆದುಕೊಂಡು ಜೀಪು ಹತ್ತಿದರು.

"ನೋಡಿದ್ರಾ? ಎಲ್ಲರಿಗೂ ಸೂಪರ್ರೇ. ಆದ್ರೆ ಗಂಟಲು ತಡೀತದೆ ಮಾರಾಯ್ರೆ. ಮಳೆಗಾಲದಿಂದ ಹಿಂಗೇ."

"ನೀವೇ ಒಂದು ಹನಿ ನೋಡಬಾರ್ದಾ?"

ಅವರ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯತ್ತ ಹೋಯಿತು. "ಈ ವಯಸ್ಸಲ್ಲಿ ಕಟ್ಟು ಮುರೀಲಾ? ನೀವು ಸಾರಾಯಿ ಅಂಗಡಿ ಮುಂದೆ ಧರಣಿ ಕೂತೋರು, ಮುಲಾಜಿಗೆ ಮಾತಾಡೋರಲ್ಲ. ನೀವೇ ಹೇಳಿ. ಮುಂದಿನ ಭರಣಿ ಹಾಕ್ಲಾ, ಬಾಗಿಲು ಹಾಕ್ಲಾ?"

ಕುಡಿದೆ. ಹಲ್ಲು ಚುಳ್ಳೆಂದಿತು.

"ಥೂ! ವಿನೆಗರ್ ಆಗಿದೆ ಕಣ್ರೀ ಇದು, ಉಪ್ಪಿನಕಾಯಿಗೆ ಹಾಕೋದು. ಚೆಲ್ರೀ ಅತ್ಲಾಗೆ!"

ಚಂದ್ರಶೇಖರಪ್ಪನವರು ಥಟ್ಟನೆ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಭರಣಿಯನ್ನು ತಬ್ಬಿ ಹಿಡಿದು ಅಂಗಳಕ್ಕೆ ತಂದು, ಚರಂಡಿಗೆ ಬಗ್ಗಿಸಿದರು. ವರ್ಷದ ದುಡಿಮೆ ಗಳಗಳ ಹರಿದು ಹೋಗುತ್ತಿದ್ದರೆ ಮನುಷ್ಯ ನಗುತ್ತಿದ್ದರು.

ಗೇಟಿನ ತನಕ ಓರೆಯಾಗಿ ನಡೆದು ಬಂದು, "ಕಿತ್ತಳೆ ಹಣ್ಣಾದಾಗ ಹೊಸದು ಹಾಕ್ತೀನಿ. ಉಗಿಯೋಕೆ ನೀವು ಬರ್ಬೇಕು, ಮರೀಬೇಡಿ" ಎಂದರು.

ತಾವು ಉಣ್ಣದ್ದನ್ನು ಊರಿಗೆಲ್ಲ ಬಡಿಸುವಂಥವರಿಗೆ ಹೊಗಳುವವರು ದಾರಿಯುದ್ದಕ್ಕೂ ಸಿಗುತ್ತಾರೆ. ಅವರು ನಿಜವಾಗಿ ಒಂಟಿಯಾಗುವುದು, ಒಳಗಿನಿಂದ ಬೈಯುವ ದನಿ ನಿಂತುಹೋದ ದಿನ.