ಅಮೆರಿಕದ ಕಾವಲುಗಾರ

ಕಂಪ್ಯೂಟರಿನ ಪರದೆಯ ಮೇಲೆ ಕನ್ನಡವೇ ಇರಲಿಲ್ಲ. ಮುನ್ನೂರ ಹನ್ನೆರಡು ಸದಸ್ಯರ ಹೆಸರಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳು ಕಲಸಿಕೊಂಡು ಕೂತಿದ್ದವು. ಸಂಜೆ ಐದಕ್ಕೆ ಮತದಾರರ ಪಟ್ಟಿ ಗೋಡೆಗೆ ಅಂಟಬೇಕು, ತಪ್ಪಿದರೆ ಚುನಾವಣೆಯೇ ಮುಂದಕ್ಕೆ. ಜಾವಗಲ್ಲಿನ ತೆಂಗು ಬೆಳೆಗಾರರ ಸಂಘದ ಕಾರ್ಯದರ್ಶಿ ಚಿಕ್ಕಣ್ಣ ಬಾಗಿಲಿಗೆ ಹೋದ, ಕಿಟಕಿಗೆ ಬಂದ, ಮತ್ತೆ ಬಾಗಿಲಿಗೆ ಹೋದ. ಎಲ್ಲೂ ನಿಲ್ಲಲಾಗಲಿಲ್ಲ.

ಪೋಖ್ರಾನಿನಲ್ಲಿ ಅಣುಬಾಂಬು ಸಿಡಿಸಿ ತಿಂಗಳಾಗಿತ್ತು. ಅಮೆರಿಕ ಸಿಟ್ಟಾಗಿ ದಿಗ್ಬಂಧನ ಹಾಕಿತ್ತು. ಸಂಘದ ಕಂಪ್ಯೂಟರಿಗೆ ವೈರಸ್ ಬರದಂತೆ ಕಾಯುವ ಸಾಫ್ಟ್‌ವೇರ್ ಆ ದೇಶದ್ದೇ. ಹೋದ ವರ್ಷ ಅದೇ ಬೇಕೆಂದು ಹಠ ಹಿಡಿದವನು ಚಿಕ್ಕಣ್ಣ. ತೋಟ ಕಾಯಲು ಪರವೂರಿನವನನ್ನೇ ಇಡಬೇಕು, ಇಲ್ಲಿ ಅವನಿಗೆ ನೆಂಟರಿಲ್ಲ, ಕಾಯಿ ಸಾಗಿಸುವುದಿಲ್ಲ ಎಂದು ವಾದಿಸಿ ನಿರ್ದೇಶಕರ ಬಾಯಿ ಮುಚ್ಚಿಸಿದ್ದ. ಈಗ ಅವನೇ, ಅಮೆರಿಕದವರು ಸೇಡು ತೀರಿಸಿಕೊಂಡರು, ನಮ್ಮ ಕನ್ನಡವನ್ನೇ ನುಂಗಿದರು ಎಂದು ಕೂಗಾಡುತ್ತಿದ್ದ.

ಕಂಪ್ಯೂಟರ್ ನೋಡಿಕೊಳ್ಳುವ ಹೇಮಾಶ್ರೀ ಕೀಲಿಗಳನ್ನು ಒತ್ತಿ ಒತ್ತಿ ನೋಡಿದಳು. ಕನ್ನಡ ಅಕ್ಷರ ಮೂಡಿಸುವ ಫೈಲು ನಮ್ಮವರು ಮಾಡಿದ್ದು, ಅದರ ಗುರುತು ಸಿಗದೆ ಈ ಕಾವಲಿನ ಸಾಫ್ಟ್‌ವೇರ್ ಅದನ್ನೇ ವೈರಸ್ ಅಂದುಕೊಂಡಿದೆ ಎಂದು ವಿವರಿಸಿದಳು.

"ಆದ್ರೆ ಇದು ತಾನಾಗೇ ಅಳಿಸಲ್ಲ. ಅಳಿಸ್ಲಾ ಅಂತ ಕೇಳುತ್ತೆ. ಯಾರೋ ಹೂಂ ಅಂದಿದ್ದಾರೆ."

ಹಳೇಬೀಡಿನಿಂದ ಬಂದಿದ್ದ ನಿರ್ದೇಶಕ ಕರಿಬಸವಯ್ಯ ಕನ್ನಡಕ ತೆಗೆದ. "ಇದ್ರ ಮುಂದೆ ಕೂರೋಳು ನೀನೊಬ್ಳೇ ಅಲ್ವೇನಮ್ಮ?"

ಮಧ್ಯಾಹ್ನ ತಾನು ಅಂಚೆ ಕಚೇರಿಗೆ ಹೋಗಿದ್ದೆ ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎದುರು ಗುಂಪಿನವರು ಹುಡುಗಿಯ ತಲೆ ಕೆಡಿಸಿರಬೇಕು, ನಾಳೆಯಿಂದ ಇವಳು ಬರುವುದೇ ಬೇಡ ಎಂದ ಕರಿಬಸವಯ್ಯ. ಉಳಿದ ನಿರ್ದೇಶಕರು ತಲೆಯಾಡಿಸಿದರು. ಹೇಮಾಶ್ರೀ ಅಳಲಿಲ್ಲ, ಮೇಜಿನ ಮೇಲಿದ್ದ ತನ್ನ ಪೆನ್ನು, ಬಾಚಣಿಗೆ ಎತ್ತಿ ಚೀಲಕ್ಕೆ ಹಾಕತೊಡಗಿದಳು.

ಚಿಕ್ಕಣ್ಣ ಕಿಟಕಿಯ ಕಡೆ ತಿರುಗಿದ. ಮಧ್ಯಾಹ್ನ ಅವಳಿಲ್ಲದಾಗ ಪರದೆಯ ಮೇಲೆ ಕೆಂಪು ಪೆಟ್ಟಿಗೆಯೊಂದು ಎದ್ದಿತ್ತು. ನಾಲ್ಕು ಸಾಲು ಇಂಗ್ಲಿಷ್. ಅವನ ಊರ ಶಾಲೆಯ ಓದಿಗೆ ದಕ್ಕಿದ್ದು ಎರಡೇ ಮಾತು: ವೈರಸ್, ಯೆಸ್. ಕಾವಲುಗಾರ ಕಳ್ಳನನ್ನು ಹಿಡಿದು ಯಜಮಾನನ ಅಪ್ಪಣೆ ಕೇಳುತ್ತಿದ್ದಾನೆ ಎಂದುಕೊಂಡು ಗತ್ತಿನಿಂದ ಗುಂಡಿ ಒತ್ತಿದ್ದ. ಆಮೇಲೆ ಹೋಗಿ ಟೀ ಕುಡಿದಿದ್ದ.

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಬೈಯಲು ಅಮೆರಿಕ ಇತ್ತು, ಕಳಿಸಲು ಹುಡುಗಿ ಇದ್ದಳು. ಅವಳು ಚೀಲದ ಬಾಯಿ ಎಳೆದಳು.

"ಒತ್ತಿದ್ದು ನಾನು ಕಣಯ್ಯ," ಎಂದ ಚಿಕ್ಕಣ್ಣ, ಜಗಳಕ್ಕೆ ನಿಂತವನ ಹಾಗೆ.

"ಏನು ಬರ್ದಿತ್ತು ಅದ್ರಲ್ಲಿ?" ಕರಿಬಸವಯ್ಯ ಕೇಳಿದ.

"ನಂಗೆ ಓದಕ್ಕೆ ಬರ್ಲಿಲ್ಲ."



"ಮತ್ತೆ ಇಷ್ಟೊತ್ತೂ ಅಮೆರಿಕಾನ ಯಾಕ್ಲಾ ಬೈತಿದ್ದೆ?" ಎಂದ ಕರಿಬಸವಯ್ಯ. ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಣ್ಣನ ಕೈ ಮುಷ್ಟಿಯಾಯಿತು, ಹಾಗೇ ಸಡಿಲವಾಯಿತು.

ಅಳಿಸಿಹೋದ ಕನ್ನಡದ ಫೈಲನ್ನು ಮತ್ತೆ ಹಾಕಲು ಬೇಕಾದ ಫ್ಲಾಪಿ ಇದ್ದದ್ದು ಅರಸೀಕೆರೆಯಲ್ಲಿ. ಬಸ್ಸು ಹಿಡಿದು ತಂದು ಹಾಕುವಷ್ಟರಲ್ಲಿ ಐದು ದಾಟುತ್ತದೆ. ಹೇಮಾಶ್ರೀ ಚೀಲ ಕೆಳಗಿಟ್ಟು, ಬೀರುವಿನಿಂದ ಸದಸ್ಯರ ಹಳೆಯ ಪುಸ್ತಕ ತೆಗೆದಳು. ಬಿಳಿ ಹಾಳೆಗಳನ್ನು ಚಿಕ್ಕಣ್ಣನ ಮುಂದೆ ತಳ್ಳಿದಳು.

"ನಾನು ಓದ್ತೀನಿ. ಕನ್ನಡ ಬರೆಯೋಕೆ ಬರುತ್ತಲ್ಲ ಸಾರ್?"

ಅವನು ಪೆನ್ನಿನ ಮುಚ್ಚಳ ತೆಗೆದ. ಅವಳು ಮುದ್ದಮ್ಮ, ವಿಶಾಲಮ್ಮ ಎಂದು ಬೇಗಬೇಗ ಓದುತ್ತಾ ಹೋದಳು. ನಿಧಾನವಾಗಿ ಓದು ಎನ್ನುವ ಧೈರ್ಯ ಅವನಿಗೆ ಬರಲಿಲ್ಲ.