ಅರ್ಧ ಅಂಕ

"ಏನಿದು? ಬರೇ ಅಂಕಿ ಅದಾವು," ಎಂದು ಸೂಪರಿಂಟೆಂಡೆಂಟ್ ಶಿವಶರಣಪ್ಪ ಪೋಸ್ಟ್‌ಕಾರ್ಡನ್ನು ಮೇಜಿನ ಈ ತುದಿಗೆ ತಳ್ಳಿದರು.

ಜೋಗಮ್ಮ ನಿಂತಲ್ಲಿಂದಲೇ ಕಣ್ಣಾಡಿಸಿದಳು. ಪೋಲೆಂಡಿನ ರೈಲ್ವೆ ನೌಕರನ ಓರೆ ಬರಹ, ಮೂವತ್ತೆಂಟನೇ ನಡೆ. ಇಂಥ ಕಾರ್ಡುಗಳನ್ನು ಪೋಸ್ಟ್‌ಮ್ಯಾನ್ ಹುಸೇನ್‌ಸಾಬ್ ಅವಳ ಟೈಪ್‌ರೈಟರಿನ ಪಕ್ಕ ಇಟ್ಟುಹೋಗುತ್ತಿದ್ದ. ಇದು ಮಾತ್ರ ನಿನ್ನೆ ಬಾಗಿಲಲ್ಲೇ ಸಾಹೇಬರ ಕೈಗೆ ಸಿಕ್ಕಿತ್ತು.

ಕಾರ್ಡಿನ ಪಕ್ಕದಲ್ಲಿ ಮೆಮೊ ಇತ್ತು. ಸರಕಾರಿ ನೌಕರಳಾಗಿದ್ದು ಪರವಾನಗಿಯಿಲ್ಲದೆ ಪರದೇಶದ ಗಂಡಸರೊಡನೆ ಪತ್ರವ್ಯವಹಾರ ಮಾಡಿದ್ದಕ್ಕೆ ಏಳು ದಿನದೊಳಗೆ ವಿವರಣೆ ಕೊಡಬೇಕು. ಲಿಂಗಸುಗೂರಿನ ಆ ಕಚೇರಿಯಲ್ಲಿ ಬೇರೆ ಟೈಪಿಸ್ಟ್ ಇರಲಿಲ್ಲ. ಬೆಳಿಗ್ಗೆ ತನ್ನ ಮೇಲಿನ ಮೆಮೊವನ್ನು ಜೋಗಮ್ಮನೇ ಟೈಪ್ ಮಾಡಿ, ಎರಡು ಕಾಗುಣಿತ ತಿದ್ದಿ, ಸಹಿಗೆ ಕಳಿಸಿದ್ದಳು.

"ಚೆಸ್ ರೀ ಸರ. 7173 ಅಂದ್ರ ಏಳನೇ ಸಾಲಿನ ಒಂದನೇ ಮನ್ಯಾಗಿನ ಆನಿ ಮೂರನೇ ಮನಿಗೆ ಬಂತು ಅಂತ. ನಾ ಇನ್ನ ಜವಾಬು ಬರೀಬೇಕು."

"ಎಷ್ಟು ವರ್ಷಾತು ಇದು?"

"ಏಳು ವರ್ಷ ರೀ."

ಮಸ್ಕಿಯ ಪ್ರವಾಸಿ ಬಂಗಲೆಯಲ್ಲಿ ವಾಚ್‌ಮನ್ ಆಗಿದ್ದ ಅಪ್ಪ ಲಾಲಪ್ಪ, ಸಾಹೇಬರು ಆಡುವುದನ್ನು ಬಾಗಿಲಲ್ಲಿ ನಿಂತು ನೋಡಿಯೇ ಕಲಿತು, ಮಗಳಿಗೆ ಹೇಳಿಕೊಟ್ಟಿದ್ದ. ಅವಳು ನೌಕರಿಗೆ ಸೇರಿದ ವರ್ಷ ಊರಿನ ಒಂದು ಕ್ಲಬ್ಬಿನವರು ಪಂದ್ಯಾವಳಿಗೆ ಅವಳ ಹೆಸರು ಬರೆದುಕೊಂಡರು. ಯಾವ ಕೇರಿ ಎಂದು ಕೇಳಿದ ಮೇಲೆ ಹೊಡೆದುಹಾಕಿದರು. ಅಂಚೆಯಲ್ಲಿ ಆಡುವವರು ಕೇರಿ ಕೇಳಲಿಲ್ಲ. ವಿಳಾಸ ಕೇಳಿದರು ಅಷ್ಟೆ. ಅಂಥ ಎರಡು ಅಂತರರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಗೊತ್ತುಮಾಡಿದಷ್ಟು ಅಂಕ ಗಳಿಸಿದವರಿಗೆ ಇಂಟರ್‌ನ್ಯಾಷನಲ್ ಮಾಸ್ಟರ್, ಚಿಕ್ಕದಾಗಿ ಐ.ಎಂ., ಎಂಬ ಪಟ್ಟ. ಮೊದಲನೆಯದು ೧೯೮೫ರಲ್ಲೇ ದಕ್ಕಿತ್ತು. ಎರಡನೆಯದರಲ್ಲಿ ಈ ಆಟವೊಂದು ಉಳಿದಿತ್ತು, ಇನ್ನೊಂದು ಪೂರ್ತಿ ಅಂಕ ಬೇಕಿತ್ತು.

"ಕೆಳಗ ಡ್ರಾ ಅಂತ ಬರದಾನಲ್ಲ, ಅಷ್ಟು ಇಂಗ್ಲೀಷು ನನಗೂ ಬರ್ತದ," ಎಂದರು ಶಿವಶರಣಪ್ಪ. ದನಿ ಮೆತ್ತಗಾಯಿತು. "ಮಂದಿ ಏನೇನೋ ಮಾತಾಡಾಕತ್ಯಾರ ಜೋಗಮ್ಮ. ಒಪ್ಪಿಕೊಂಡು ಮುಗಿಸಿಬಿಡು. ಈ ಮೆಮೊ ಈಗಿಂದೀಗ ಹರದು ಹಾಕ್ತೀನಿ."

ಕಾರ್ಡಿನ ಅಂಕಿಗಳು ಜೋಗಮ್ಮನ ಕಣ್ಣೊಳಗೆ ಆಗಲೇ ಹಲಗೆಯಾಗಿದ್ದವು. ಆನೆ ಮೇಲೆ ಬಂದಿದ್ದರಿಂದ ಅವನ ರಾಜನ ಹಿಂದಿನ ಸಾಲು ಬರಿದಾಗಿತ್ತು. ಅದು ಅವನಿಗೂ ಗೊತ್ತಾಗಿತ್ತು. ಅದಕ್ಕೇ ಡ್ರಾ ಕೇಳಿದ್ದ.

"ಡ್ರಾ ಮಾಡಿದ್ರ ಅರ್ಧ ಅಂಕ ಬರ್ತದ್ರಿ. ನನಗ ಒಂದು ಬೇಕು."

"ಸಿಂಧನೂರಿಗೆ ಹಾಕಿಸಿಬಿಡ್ತೀನಿ ನೋಡು."

"ಅಲ್ಲೂ ಪೋಸ್ಟ್ ಆಫೀಸ್ ಐತ್ರಿ."

ಅವಳು ಕಾರ್ಡನ್ನೂ ಮೆಮೊವನ್ನೂ ಎತ್ತಿಕೊಂಡು ತನ್ನ ಜಾಗಕ್ಕೆ ಬಂದಳು. ವಿವರಣೆಗೆ ಏಳು ದಿನ ತೆಗೆದುಕೊಳ್ಳಲಿಲ್ಲ. 'ನಾನು ಆಡುತ್ತಿರುವುದು ಚದುರಂಗ. ಮುಂದೆಯೂ ಆಡುತ್ತೇನೆ' ಎಂದು ಎರಡೇ ಸಾಲು ಟೈಪ್ ಮಾಡಿ ಒಳಗೆ ಕಳಿಸಿದಳು. ಆಮೇಲೆ ಒಂದು ಕಾರ್ಡು ತೆಗೆದು ತನ್ನ ನಡೆಯ ನಾಲ್ಕು ಅಂಕಿ ಬರೆದಳು. ಡ್ರಾ ಎಂಬುದಕ್ಕೆ ಉತ್ತರವಾಗಿ ಮತ್ತೇನನ್ನೂ ಬರೆಯಲಿಲ್ಲ. ಊಟದ ಬಿಡುವಿನಲ್ಲಿ ಹೋಗಿ ಕೌಂಟರಿನಲ್ಲಿ ನಿಂತು, ಠಸ್ಸೆ ಸರಿಯಾಗಿ ಮೂಡುವವರೆಗೂ ಕಾದಳು.

ಹೊರಗೆ ಹುಸೇನ್‌ಸಾಬ್ ಸೈಕಲ್ ಹಿಡಿದು ನಿಂತಿದ್ದ.

"ತಪ್ಪಾತಮ್ಮಾ. ಸಾಹೇಬರು ಕೈ ಚಾಚಿದ್ರು, ಕೊಟ್ಟುಬಿಟ್ಟೆ."

"ಇನ್ನ ಮ್ಯಾಲೆ ನನ್ನ ಹೆಸರಿಂದು ನನ್ನ ಕೈಯಾಗೇ ಕೊಡ್ರಿ ಕಾಕಾ," ಎಂದಳು. ಅವನು ತಲೆಯಾಡಿಸಿದ.

ತಿಂಗಳೊಳಗೆ ವರ್ಗದ ಆದೇಶ ಬಂತು. ಅದನ್ನೂ ಅವಳೇ ಟೈಪ್ ಮಾಡಿದಳು. ಮೊದಲಾದರೆ ಪಂದ್ಯಾವಳಿಯ ಹದಿಮೂರು ಎದುರಾಳಿಗಳಿಗೆ ಬದಲಾದ ವಿಳಾಸ ಬರೆಯಬೇಕಾಗುತ್ತಿತ್ತು. ಈಗ ಒಬ್ಬನಿಗೆ ಬರೆದರೆ ಸಾಕಿತ್ತು. ಸಿಂಧನೂರಿನ ಬಾಡಿಗೆ ಕೋಣೆಯಲ್ಲಿ ಆಟ ಮತ್ತೊಂದು ವರ್ಷ ನಡೆಯಿತು. ನಲವತ್ತೊಂಬತ್ತನೇ ನಡೆಗೆ ಪೋಲೆಂಡಿನವನು ಸೋಲೊಪ್ಪಿಕೊಂಡ; ಕೆಳಗೆ, ಆ ದಿನ ಡ್ರಾ ಕೇಳಿದ್ದಕ್ಕೆ ಕ್ಷಮಿಸಿ ಎಂದು ಬರೆದಿದ್ದ. ಪಟ್ಟದ ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದಾಗ ೧೯೯೦ರ ಚಳಿಗಾಲ.

ಮರುದಿನ ಅವಳು ಎಲ್ಲರಿಗಿಂತ ಮೊದಲು ಕಚೇರಿಗೆ ಬಂದಳು. ಹಾಜರಿ ಪುಸ್ತಕ ತೆರೆದು ತನ್ನ ಸಾಲಿನಲ್ಲಿ ಜೋಗಮ್ಮ ಲಾಲಪ್ಪ ಎಂದು ಬರೆದಳು, ಮುಂದೆ ಐ.ಎಂ. ಎಂದು ಸೇರಿಸಿದಳು. ಶಾಯಿ ಆರುವವರೆಗೆ ಪುಸ್ತಕವನ್ನು ತೆರೆದೇ ಇಟ್ಟಳು.