ದೂರಿನ ಪುಸ್ತಕದಲ್ಲಿ ಇಲ್ಲದ್ದು

ಐದು ಗಂಟೆಯೊಳಗೆ ಪ್ರಬಂಧ ಕಳಿಸಬೇಕಿತ್ತು. ಕಳಿಸದಿದ್ದರೆ ಪತ್ರಿಕೆಯ ಈ ಸಂಚಿಕೆ ತಪ್ಪುತ್ತದೆ, ಸಂಚಿಕೆ ತಪ್ಪಿದರೆ ತಿಂಗಳ ಕೊನೆಗೆ ನನ್ನ ಸಂಶೋಧನೆಯ ಹುದ್ದೆಯೂ ಹೋಗುತ್ತದೆ. ಅಂಕಿ-ಅಂಶ, ಕೋಷ್ಟಕ, ತೀರ್ಮಾನ ಎಲ್ಲ ಸಿದ್ಧ. ಪೀಠಿಕೆಯೊಂದೇ ಬಾಕಿ. ಬಾಯಿಬಿಟ್ಟರೆ ಗಂಟೆಗಟ್ಟಲೆ ಪೀಠಿಕೆ ಹಾಕುತ್ತೀಯ ಎಂದು ಮನೆಯಲ್ಲಿ ಬೈಸಿಕೊಳ್ಳುವ ನನಗೆ ಒಂದು ಪುಟದ ಪೀಠಿಕೆ ಬರೆಯಲು ಆಗುತ್ತಿರಲಿಲ್ಲ.

ನನ್ನ ವಿಷಯ ಆಸ್ಪತ್ರೆಯ ವಾರ್ಡಿನ ಸದ್ದು; ಆಪರೇಷನ್ ಆದವರ ಮಧ್ಯಾಹ್ನದ ನಿದ್ದೆಯನ್ನು ಅದು ಎಷ್ಟು ಕೆಡಿಸುತ್ತದೆ ಎಂಬುದು. ಮೊದಲು ನಾನೂ ಅದೇ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಎಂಟು ಸಲ ‘ಜಗತ್ತಿನಾದ್ಯಂತ’ ಎಂದು ಶುರುಮಾಡಿದೆ, ಎಂಟು ಸಲವೂ ಗೈಡ್ ಮೇಡಂ ಕೆಂಪು ಗೆರೆ ಎಳೆದರು. ಜಗತ್ತನ್ನು ಬಿಟ್ಟು ವಾರ್ಡಿಗೆ ಬಾ, ಇದನ್ನು ಇಷ್ಟು ದಿನ ಯಾರೂ ಯಾಕೆ ವಿಚಾರಿಸಲಿಲ್ಲ ಅನ್ನೋದನ್ನು ಮೊದಲು ಹೇಳು ಎಂದರು.

ಉತ್ತರ ಸಿದ್ಧವಿತ್ತು. ಆರು ವರ್ಷಗಳ ದೂರಿನ ಪುಸ್ತಕಗಳನ್ನು ತಿರುವಿಹಾಕಿದ್ದೆ. ‘ಸದ್ದಿನ ಬಗ್ಗೆ ರೋಗಿಗಳು ದೂರಿದ್ದೇ ಇಲ್ಲ’ ಎಂದು ಬರೆದೆ. ಬರೆದವಳೇ ಎದ್ದೆ. ನೀರು ಕುಡಿದೆ. ಕಿಟಕಿ ತೆರೆದೆ, ಮುಚ್ಚಿದೆ. ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು.

ಯಾಕೆಂದರೆ ನಾನು ನರ್ಸ್ ಆಗಿದ್ದಾಗ ಏಳನೇ ಮಂಚದ ದರ್ಜಿ ತಾತ ದೂರಿದ್ದರು. ಔಷಧಿ ಗಾಡಿಯ ಚಕ್ರ ಕಿರುಗುಟ್ಟುತ್ತೆ, ಒಂದು ತೊಟ್ಟು ಎಣ್ಣೆ ಹಾಕಿಸಮ್ಮ ಎಂದು ಹನ್ನೊಂದು ದಿನ ಕೇಳಿದ್ದರು. ಹನ್ನೊಂದು ದಿನವೂ ನಾಳೆ ಎಂದಿದ್ದೆ. ಹನ್ನೆರಡನೇ ದಿನ ಅವರು ಕೇಳಲಿಲ್ಲ. ಗಾಡಿ ಬಂದಾಗ ಗೋಡೆಯ ಕಡೆ ತಿರುಗಿ ಮಲಗಿದರು. ಅದು ಪುಸ್ತಕದಲ್ಲಿ ಇಲ್ಲ, ಏಕೆಂದರೆ ಬರೆದಿಡಬೇಕಾದವಳು ನಾನೇ. ನಾನು ಮುಚ್ಚಿದ್ದನ್ನೇ ನಾನು ಹೊಸ ಶೋಧವೆಂದು ಮಾರಲು ಹೊರಟಿದ್ದೆ.

ನಿಜ ಬರೆಯೋಣವೆಂದರೆ ನನ್ನ ಸ್ವಂತ ಅಕ್ಕ ಇದ್ದಳು. ಅಂದೂ ಇಂದೂ ಅವಳೇ ಆ ವಾರ್ಡಿನ ಮುಖ್ಯ ನರ್ಸ್. ಇಂಥದ್ದನ್ನೆಲ್ಲ ಬರೀತಾ ಕೂತರೆ ಪುಸ್ತಕ ಸಾಲದು, ಬಿಡು ಎಂದು ಅಂದು ನನ್ನನ್ನು ತಡೆದದ್ದೂ ಅವಳೇ. ನಿವೃತ್ತಿಗೆ ಇನ್ನು ಎರಡು ವರ್ಷ. ನನ್ನ ಒಂದು ಸಾಲಿನಿಂದ ಅವಳು ಮೂವತ್ತು ವರ್ಷ ಉಳಿಸಿಕೊಂಡು ಬಂದ ಮಾನ ಹೋಗಬಹುದಿತ್ತು. ಆದರೂ ಹಳೆಯ ವಾಕ್ಯ ಹೊಡೆದುಹಾಕಿ ಹೊಸದು ಬರೆದೆ. ‘ರೋಗಿಗಳು ದೂರಿದ್ದರು. ದೂರು ದಾಖಲಾಗಲಿಲ್ಲ. ದಾಖಲಿಸದವಳು ಈ ಪ್ರಬಂಧದ ಲೇಖಕಿ.’

ಅಕ್ಕ ಪಾಳಿ ಮುಗಿಸಿ ಮನೆಗೆ ಬಂದಾಗ ನಾಲ್ಕೂವರೆ. ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರಿನ ಮುಂದೆ ಕೂರಿಸಿದೆ. ಕನ್ನಡಕ ಏರಿಸಿ ಓದಿದಳು. ಮತ್ತೊಮ್ಮೆ ಓದಿದಳು. ನನಗೆ ಕೂರಲಾಗದೆ ಅವಳ ಹಿಂದೆಯೇ ಅತ್ತಿಂದಿತ್ತ ಓಡಾಡಿದೆ. ನೀನು ಬೇಡ ಅಂದರೆ ಕಳಿಸೋದಿಲ್ಲ, ಹುದ್ದೆ ಹೋದರೆ ಹೋಗಲಿ ಎಂದೆ.

“ದರ್ಜಿ ತಾತ ತಾನೇ?” ಎಂದಳು.

ಹೌದು ಎಂದೆ. ಅಕ್ಕ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಮೂರನೇ ಸಲ ಓದಿದಳು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು.

“ಇದೂ ಪೂರ್ತಿ ನಿಜ ಅಲ್ಲ ಕಣೇ,” ಎಂದಳು. “ಬರೀಬೇಡ ಅಂದವಳನ್ನೂ ಸೇರಿಸು.”